ಧನ ದನವಾದದ್ದು: ಹಳೆಯ ಪ್ರಸಂಗ ಪುಸ್ತಕವೊಂದನ್ನು ದೇಜಾವೂ ಫೈಲಿಗೆ ಇಳಿಸಿದ ಪ್ರಕರಣ

ಆಷಾಢದ ಮಳೆ. ಶಿರಸಿ ಹತ್ತಿರದ ಒಂದು ಮನೆಯ ಜಗಲಿಯಲ್ಲಿ ತಾಳಮದ್ದಳೆ ನಡೆದಿತ್ತು. ಗೋಗ್ರಹಣದ ಕಥೆ. ಹಾಡುತ್ತಿದ್ದವನು ಇನ್ನೂ ಕಲಿಯುತ್ತಿರುವ ಹುಡುಗ. ಅವನ ಎದುರಿಗೆ ಪುಸ್ತಕದ ಬದಲು ಟ್ಯಾಬ್ ಇತ್ತು. ಪದ್ಯದ ನಡುವೆ ಪಕ್ಕದಲ್ಲಿ ಕೂತಿದ್ದ ಹಿರಿಯ ಭಾಗವತರು ಮೆಲ್ಲಗೆ ಹೇಳಿದರು: "ತಮಾ, ಅಲ್ಲಿ ದನ ಅಲ್ಲ, ಧನ ಆಗವು."

ಹುಡುಗ ಟ್ಯಾಬ್ ತಿರುಗಿಸಿ ತೋರಿಸಿದ. ದನ ಅಂತಲೇ ಇತ್ತು. ಒಳಗಿನಿಂದ ಮೂಲ ಪುಸ್ತಕ ತರಿಸಿದರು. ಅದರಲ್ಲಿ ಧನ ಅಂತ ಅಚ್ಚಾಗಿತ್ತು. ಧ ಅಕ್ಷರದ ಕೆಳಗಿನ ಸೀಳು ಕಣ್ಣಿಗೆ ಹೊಡೆಯುವ ಹಾಗೆ ಸ್ಪಷ್ಟವಾಗಿತ್ತು.

ಆ ಫೈಲು ಮಾಡಿಕೊಟ್ಟವನು ನಾನು. ಶಿರಸಿಯಲ್ಲಿ ನನ್ನದೊಂದು ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ. ಮರುದಿನ ಬೆಳಿಗ್ಗೆ ಭಾಗವತರೇ ಪುಸ್ತಕ ಹಿಡಿದುಕೊಂಡು ಬಂದರು. ಅವರು ಬೈಯಲಿಲ್ಲ. "ನೀನು ಟೈಪ್ ಮಾಡಿದ್ದಲ್ಲ, ಫೋಟೋ ತೆಗೆದದ್ದು. ಫೋಟೋದಲ್ಲಿ ಅಕ್ಷರ ಹೆಂಗೆ ಬದಲಾತು?" ಎಂದು ಕೇಳಿದರು. ಇಡೀ ಪ್ರಕರಣ ಇರುವುದು ಆ ಪ್ರಶ್ನೆಯಲ್ಲೇ. ಟೈಪ್ ಮಾಡಿದರೆ ತಪ್ಪಾಗುತ್ತದೆ, ಸ್ಕ್ಯಾನ್ ಮಾಡಿದರೆ ಆಗುವುದಿಲ್ಲ ಎಂದು ನಾನೂ ನಂಬಿದ್ದೆ.

ಪುಸ್ತಕ ಮತ್ತು ಬೇಡಿಕೆ

ಪುಸ್ತಕಕ್ಕೆ 184 ಪುಟ. ಅಚ್ಚುಮೊಳೆ ಜೋಡಿಸಿ ಮುದ್ರಿಸಿದ್ದು. ಮುಖಪುಟ ಹೋಗಿದೆ, ಆದ್ದರಿಂದ ಇಸವಿ ಗೊತ್ತಾಗುವುದಿಲ್ಲ. ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಬಹಳ ವರ್ಷ ಇದ್ದದ್ದರಿಂದ ಹೊಗೆ ಕುಡಿದು ಕಂದಾಗಿದೆ. ಒಲೆಯ ಹೊಗೆ ಹುಳ ಬರದ ಹಾಗೆ ಕಾಯ್ದಿರಬೇಕು. ಮಳೆಗಾಲದ ಥಂಡಿಗೆ ಅಂಚುಗಳು ಮಾತ್ರ ಮೆತ್ತಗಾಗಿವೆ. ಈ ಹಿರಿಯ ಭಾಗವತರ ಅಜ್ಜನೂ ಭಾಗವತರು. ಅವರು 31 ಪುಟಗಳ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಟಿಪ್ಪಣಿ ಬರೆದಿದ್ದಾರೆ. ಇಲ್ಲಿ ಝಂಪೆ, ಅಲ್ಲಿ ಅಷ್ಟ ತಾಳ, ಈ ಪದ್ಯ ಬಿಡಬಹುದು, ಈ ರಾಗ ಬೇಡ, ಹೀಗೆ. ಅಚ್ಚಾದ ಪದ್ಯದ ಇನ್ನೊಂದು ಪ್ರತಿ ಎಲ್ಲಾದರೂ ಸಿಗಬಹುದು. ಆ ಕೆಂಪು ಬರಹಕ್ಕೆ ಇನ್ನೊಂದು ಪ್ರತಿ ಇಲ್ಲ.

ಭಾಗವತರ ಬೇಡಿಕೆ ಸರಳವಾಗಿತ್ತು. ಹಳೆಯ ಟ್ಯಾಬಿನಲ್ಲಿ ಪುಟ ತಟ್ಟನೆ ತಿರುಗಬೇಕು. ದೀಪಾವಳಿ ಕಳೆದು ಮೇಳದ ತಿರುಗಾಟ ಶುರುವಾಗುವುದರೊಳಗೆ ಕೈಗೆ ಸಿಗಬೇಕು. ಅವರ ಊರಿನಲ್ಲಿ ನೆಟ್‌ವರ್ಕ್ ಸರಿಯಿಲ್ಲ, ಆದ್ದರಿಂದ ಮೆಮರಿ ಕಾರ್ಡಿನಲ್ಲಿ ಹಾಕಿಕೊಡಬೇಕು.

ಮೊದಲು ಎಲ್ಲರೂ ಮಾಡುವ ಹಾಗೆ ಬಣ್ಣದ ಜೆಪೆಗ್ ಚಿತ್ರಗಳನ್ನು ಸೇರಿಸಿ ಪಿಡಿಎಫ್ ಮಾಡಿದೆ. ಪುಟಕ್ಕೆ ಸುಮಾರು 3 ಎಂಬಿ, ಒಟ್ಟು 500 ಎಂಬಿ ದಾಟಿತು. ಟ್ಯಾಬ್ ಪ್ರತಿ ಪುಟಕ್ಕೂ ತಡವರಿಸಿತು. ಗುಣಮಟ್ಟ ಇಳಿಸಿದರೆ ಅಕ್ಷರದ ಸುತ್ತ ಮಸುಕು ಮಸುಕು ಕಲೆ. ಜೆಪೆಗ್ ಇರುವುದು ಫೋಟೋಗೆ. ಬಣ್ಣ ನಿಧಾನವಾಗಿ ಬದಲಾಗುವ ಕಡೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಕಪ್ಪು ಅಕ್ಷರದ ಚೂಪಾದ ಅಂಚಿನಲ್ಲಿ ಸೋಲುತ್ತದೆ. ಆಗ ನೆನಪಾದದ್ದು ದೇಜಾವೂ, ಸ್ಕ್ಯಾನ್ ಮಾಡಿದ ಪುಟಗಳನ್ನು ಚಿಕ್ಕದು ಮಾಡಿ ಇಡುವ ಒಂದು ಬಗೆಯ ಫೈಲು.

ಈ ಫೈಲು ಹೇಗೆ ಕೆಲಸ ಮಾಡುತ್ತದೆ

ದೇಜಾವೂ ಹುಟ್ಟಿದ್ದು ಅಮೆರಿಕದ ಎಟಿ ಅಂಡ್ ಟಿ ಪ್ರಯೋಗಾಲಯದಲ್ಲಿ. 1998ರಲ್ಲಿ ಹೊರಗೆ ಬಂತು. ಲಿಯೊನ್ ಬೊಟು, ಯಾನ್ ಲೆಕುನ್, ಯೋಶುವಾ ಬೆಂಜಿಯೊ, ಪ್ಯಾಟ್ರಿಕ್ ಹಾಫ್ನರ್, ಪಾಲ್ ಹೋವರ್ಡ್ ಇದರ ಹಿಂದಿದ್ದವರು. ಇವರಲ್ಲಿ ಲೆಕುನ್ ಮತ್ತು ಬೆಂಜಿಯೊ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯನ್ನು 2018ನೇ ಸಾಲಿಗೆ ಪಡೆದವರು. ಇಂದು ಎಲ್ಲರೂ ಮಾತಾಡುವ ಎಐ ಕೆಲಸದ ಮೂಲಪುರುಷರು ಒಂದು ಕಾಲದಲ್ಲಿ ಹಳೆಯ ಪುಸ್ತಕದ ಪುಟ ಚಿಕ್ಕದು ಮಾಡುವ ಚಿಂತೆಯಲ್ಲಿದ್ದರು ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಫೋನ್ ತಂತಿಯ ನಿಧಾನ ಇಂಟರ್ನೆಟ್ಟಿನಲ್ಲಿ ಸ್ಕ್ಯಾನ್ ಮಾಡಿದ ಪುಟ ಕಳಿಸಬೇಕಿತ್ತು. ಅದಕ್ಕಾಗಿ ಮಾಡಿದ್ದು ಇದು.

ಉಪಾಯ ಹೀಗಿದೆ. ಪುಟವನ್ನು ಮೂರು ಪದರ ಮಾಡುತ್ತದೆ. ಒಂದು ಪದರದಲ್ಲಿ ಅಕ್ಷರದ ಆಕಾರ ಮಾತ್ರ, ಬರೀ ಕಪ್ಪು ಬಿಳುಪು, ಪೂರ್ತಿ ಸೂಕ್ಷ್ಮವಾಗಿ. ಇನ್ನೊಂದರಲ್ಲಿ ಆ ಅಕ್ಷರಗಳ ಬಣ್ಣ. ಮೂರನೆಯದರಲ್ಲಿ ಹಿಂದಿನ ಕಾಗದ, ಅದರ ಕಂದು, ಕಲೆ, ಮಡಿಕೆ. ಕಾಗದಕ್ಕೆ ಅಕ್ಷರದಷ್ಟು ಸೂಕ್ಷ್ಮತೆ ಬೇಡ. ಅಕ್ಷರ ಇಂಚಿಗೆ 300 ಚುಕ್ಕೆ ಇದ್ದರೆ ಕಾಗದಕ್ಕೆ 100 ಸಾಕು. ಕಾಗದದ ಪದರಕ್ಕೆ ಐಡಬ್ಲ್ಯೂ44 ಎಂಬ ಅಲೆಗಳ ಲೆಕ್ಕದ ವಿಧಾನ. ಅದು ಚಿತ್ರವನ್ನು ಹಂತ ಹಂತವಾಗಿ ತುಂಬುತ್ತದೆ, ಎಷ್ಟು ಹಂತ ಇಡಬೇಕೆಂದು ನಾವೇ ಹೇಳಬಹುದು. ಅಕ್ಷರದ ಪದರಕ್ಕೆ ಜೆಬಿ2 ಎಂಬ ವಿಧಾನ. ನಮ್ಮ ಪ್ರಕರಣ ಇರುವುದು ಈ ಜೆಬಿ2ದಲ್ಲಿ.

ಜೆಬಿ2 ಕೆಲಸ ಮಾಡುವುದು ಮೊಳೆ ಜೋಡಿಸುವವರ ಹಾಗೆ. ಪುಟದಲ್ಲಿ ಒಂದಕ್ಕೊಂದು ಅಂಟಿಕೊಂಡ ಕಪ್ಪು ಚುಕ್ಕೆಗಳ ಗುಂಪನ್ನೆಲ್ಲ ಬೇರೆ ಬೇರೆ ತೆಗೆಯುತ್ತದೆ. ಒಂದೊಂದು ಗುಂಪು ಒಂದೊಂದು ಮೊಳೆ. ಅದೇ ಆಕಾರ ಮತ್ತೆ ಬಂದರೆ ಹೊಸದಾಗಿ ಪೂರ್ತಿ ಬರೆಯುವುದಿಲ್ಲ. ಹಳೆಯ ಮೊಳೆಯನ್ನು ಮಾದರಿಯಾಗಿ ಇಟ್ಟುಕೊಳ್ಳುತ್ತದೆ. ಇದಕ್ಕೆ ಭಾಷೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಆಕಾರ ಅಷ್ಟೆ. ಕನ್ನಡದ ಒತ್ತಕ್ಷರ ಅದಕ್ಕೆ ಬೇರೆಯದೇ ಮೊಳೆ, ಸೊನ್ನೆ ಬೇರೆ ಮೊಳೆ, ಥ ಅಕ್ಷರದ ಒಳಗಿನ ಚುಕ್ಕೆಯೂ ಬೇರೆಯೇ ಒಂದು ಪುಟ್ಟ ಮೊಳೆ.

ಇದನ್ನು ಮಾಡುವ ಸಾಧನ ಸಿಜೆಬಿ2. ದೇಜಾವೂ ಲಿಬರ್ ಎಂಬ ಉಚಿತ ತಂತ್ರಾಂಶದ ಜೊತೆ ಬರುತ್ತದೆ. ಅದರಲ್ಲಿ ಮುಖ್ಯವಾಗಿ ಮೂರು ಆಯ್ಕೆ. ಲಾಸ್‌ಲೆಸ್ ಎಂದರೆ ಒಂದು ಚುಕ್ಕೆಯೂ ಬದಲಾಗಬಾರದು. ಹಳೆಯ ಮೊಳೆಯನ್ನು ನೋಡಿಕೊಂಡರೂ, ಹೊಸ ಅಕ್ಷರ ಎಲ್ಲೆಲ್ಲಿ ಬೇರೆಯಿದೆಯೋ ಅದನ್ನೂ ಬರೆದಿಡುತ್ತದೆ. ನಾವು ಏನೂ ಹೇಳದಿದ್ದರೆ ಇದೇ ಇರುತ್ತದೆ. ಕ್ಲೀನ್ ಎಂದರೆ ನೊಣದ ಹಿಕ್ಕೆಯಷ್ಟು ಸಣ್ಣ ಚುಕ್ಕೆಗಳನ್ನು ಅಳಿಸುತ್ತದೆ. ಲಾಸಿ ಎಂದರೆ ಅಳಿಸುವುದರ ಜೊತೆಗೆ, ಎರಡು ಆಕಾರ ಸಾಕಷ್ಟು ಹತ್ತಿರವಿದ್ದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿಬಿಡುತ್ತದೆ. ಎಷ್ಟು ಹತ್ತಿರ ಸಾಕು ಅನ್ನುವುದಕ್ಕೆ 0ಯಿಂದ 200ರವರೆಗೆ ಅಂಕಿ ಇದೆ. 0 ಎಂದರೆ ನಷ್ಟವಿಲ್ಲ, 1 ಎಂದರೆ ಕ್ಲೀನ್, 100 ಮಾಮೂಲಿ ಲಾಸಿ.

ನಾನು ಇಟ್ಟದ್ದು 200. ಫೈಲು ಚಿಕ್ಕದಾದಷ್ಟು ಟ್ಯಾಬಿಗೆ ಒಳ್ಳೆಯದು ಅಂದುಕೊಂಡೆ. 184 ಪುಟ ಮೂರು ಎಂಬಿಯೊಳಗೆ ಬಂದಾಗ ಬಹಳ ಖುಷಿಯಾಗಿತ್ತು. ಅಕ್ಷರವೂ ಚೊಕ್ಕವಾಗಿ ಕಾಣುತ್ತಿತ್ತು. ಅಪಾಯ ಇದ್ದದ್ದು ಆ ಚೊಕ್ಕತನದಲ್ಲೇ. ಜೆಪೆಗ್ ಕೆಟ್ಟರೆ ಅಕ್ಷರ ಮಸುಕಾಗುತ್ತದೆ, ಓದುವವನಿಗೆ ಅನುಮಾನ ಬರುತ್ತದೆ. ಜೆಬಿ2 ಕೆಟ್ಟರೆ ತಪ್ಪು ಅಕ್ಷರ ಸ್ಪಷ್ಟವಾಗಿ ಕೂರುತ್ತದೆ, ಅನುಮಾನವೇ ಬರುವುದಿಲ್ಲ. ಗೋವುಗಳನ್ನು ಅಟ್ಟಿಕೊಂಡು ಹೋಗುವ ಕಥೆಯಲ್ಲಿ ದನ ಎಂದಿದ್ದರೆ ಯಾರಿಗೆ ತಪ್ಪು ಅನಿಸೀತು ಹೇಳಿ. ಪದ್ಯ ಬಾಯಿಗೆ ಬರುವ ಹಿರಿಯರು ಪಕ್ಕದಲ್ಲಿ ಇಲ್ಲದಿದ್ದರೆ ಅದೇ ಪಾಠವಾಗಿ ಉಳಿದುಬಿಡುತ್ತಿತ್ತು.

ಇಂಥದ್ದು ಬೇರೆ ಕಡೆಯೂ ಆಗಿದೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಇದನ್ನು ತೋರಿಸಿದರು. ಜೆರಾಕ್ಸ್ ಕಂಪನಿಯ ಕೆಲವು ವರ್ಕ್‌ಸೆಂಟರ್ ಯಂತ್ರಗಳಲ್ಲಿ ಮನೆಯ ನಕ್ಷೆ ಸ್ಕ್ಯಾನ್ ಮಾಡಿದಾಗ ಅಂಕಿಗಳೇ ಬದಲಾಗುತ್ತಿದ್ದವು. ಮೂರು ಕೋಣೆಗಳ ಅಳತೆ ಬೇರೆ ಬೇರೆ ಇತ್ತು. ಸ್ಕ್ಯಾನ್ ಆದ ಮೇಲೆ ಮೂರರಲ್ಲೂ 14.13 ಎಂದೇ ಬಂತು. ಅಲ್ಲಿ ಇದ್ದದ್ದು ಜೆಬಿಗ್2, ಜೆಬಿ2ದ ಹತ್ತಿರದ ಬಂಧು. ಪಿಡಿಎಫ್ ಒಳಗೂ ಅದೇ ಇರಬಹುದು. ಆದ್ದರಿಂದ ದೇಜಾವೂ ಬಿಟ್ಟು ಪಿಡಿಎಫ್ ಹಿಡಿದರೆ ಈ ತೊಂದರೆ ತಾನಾಗಿ ಹೋಗುವುದಿಲ್ಲ. ಕಂಪನಿ ಮುಂದೆ ತಂತ್ರಾಂಶ ತಿದ್ದಿ ಕೊಟ್ಟಿತು.

ಕನ್ನಡಕ್ಕೆ ಈ ಅಪಾಯ ಇನ್ನೂ ಜಾಸ್ತಿ. ದ, ಧ. ಡ, ಢ. ಬ, ಭ. ಪ, ಫ. ಒಂದು ಸಣ್ಣ ಸೀಳು ಇದ್ದರೆ ಮಹಾಪ್ರಾಣ, ಇಲ್ಲದಿದ್ದರೆ ಅಲ್ಪಪ್ರಾಣ. ಅಕ್ಷರದ ಒಟ್ಟು ಕಪ್ಪಿನಲ್ಲಿ ಆ ಸೀಳಿನ ಪಾಲು ಬಹಳ ಕಡಿಮೆ. ಆಕಾರ ಮಾತ್ರ ನೋಡುವ ಯಂತ್ರಕ್ಕೆ ಅದು ಶಾಯಿ ಹರಡಿದ ಹಾಗೆ ಕಾಣುತ್ತದೆ.

ತಪ್ಪು ಎಲ್ಲಿಂದ ಬಂತು

ಭಾಗವತರ ಊರಿನ ನಿವೃತ್ತ ಮಾಸ್ತರೊಬ್ಬರು ನೆರವಿಗೆ ಬಂದರು. ಅವರು ಮೂಲ ಪುಸ್ತಕ ಗಟ್ಟಿಯಾಗಿ ಓದುವುದು, ನಾನು ಪರದೆ ನೋಡುವುದು. ಮೊದಲ ಇಪ್ಪತ್ತು ಪುಟದಲ್ಲೇ ವಿಚಿತ್ರ ಕಾಣಿಸಿತು. ಧ ದ ಆದದ್ದು ಮೂರೇ ಕಡೆ. ಆದರೆ ರಥ ಎಲ್ಲೆಲ್ಲೂ ರಧ ಆಗಿತ್ತು. ಪಾರ್ಥ ಪಾರ್ಧ ಆಗಿದ್ದ. ಸಾರಥಿ ಸಾರಧಿ. ಅರ್ಜುನ, ರಥ, ಸಾರಥಿ ಇಲ್ಲದೆ ಗೋಗ್ರಹಣದ ಕಥೆಯೇ ಇಲ್ಲವಲ್ಲ!

"ಮಾಸ್ತರೇ, ಇದು ಎರಡು ಬೇರೆ ರೋಗ" ಎಂದೆ. ಥ ಮತ್ತು ಧ ನಡುವಿನ ವ್ಯತ್ಯಾಸ ಒಳಗಿನ ಚುಕ್ಕೆ. ಆ ಚುಕ್ಕೆ ಅಳಿದು ಹೋಗಿದೆ. ಧ ಮತ್ತು ದ ನಡುವಿನದು ಸೀಳು. ಅಲ್ಲಿ ಅಕ್ಷರವನ್ನೇ ಬದಲಿಸಿ ಕೂರಿಸಿದೆ.

ಬೇರೆ ಬೇರೆ ಆಯ್ಕೆಗಳಲ್ಲಿ ಅದೇ ಪುಟಗಳನ್ನು ಮತ್ತೆ ಮಾಡಿ ನೋಡಿದೆ. ಕ್ಲೀನ್ ಮಾತ್ರ ಇಟ್ಟಾಗ ಥ ಸರಿಯಾಗಿ ಬಂತು. ಹಾಗಾದರೆ ಮೊದಲ ಸಲ ಚುಕ್ಕೆ ಹೋದದ್ದು ಏಕೆ? ಸಿಜೆಬಿ2ಕ್ಕೆ ನಾನು ಕೊಟ್ಟಿದ್ದ ಹಳೆಯ ಆದೇಶಗಳ ಫೈಲು ತೆಗೆದು ನೋಡಿದೆ. ಉತ್ತರ ಅಲ್ಲಿತ್ತು. ಸ್ಕ್ಯಾನ್ ಮಾಡಿದ್ದು 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ. ಆದರೆ ಸಿಜೆಬಿ2ಕ್ಕೆ 600 ಎಂದು ಹೇಳಿದ್ದೆ. ಹಿಂದೆ ಮಾಡಿದ್ದ ಬೇರೆ ಕೆಲಸದ ಅಂಕಿ ಹಾಗೇ ಉಳಿದುಕೊಂಡಿತ್ತು.

ಡಿಪಿಐ ಎನ್ನುವುದು ಪರದೆ ಮೇಲೆ ಪುಟ ಎಷ್ಟು ದೊಡ್ಡದಾಗಿ ಕಾಣಬೇಕು ಅನ್ನುವುದಕ್ಕೆ ಮಾತ್ರ ಎಂದು ನಾನು ತಿಳಿದಿದ್ದೆ. ಸಿಜೆಬಿ2ದಲ್ಲಿ ಹಾಗಲ್ಲ. ಎಷ್ಟು ಸಣ್ಣ ಚುಕ್ಕೆಯನ್ನು ಕಸ ಎನ್ನಬೇಕು ಎಂಬುದೂ ಅದೇ ಅಂಕಿಯಿಂದ ಲೆಕ್ಕವಾಗುತ್ತದೆ. 600 ಎಂದರೆ ಅದರ ಪ್ರಕಾರ ಪಿಕ್ಸೆಲ್‌ಗಳು, ಅಂದರೆ ಚಿತ್ರದ ಅತಿ ಸಣ್ಣ ಕಣಗಳು, ಇನ್ನೂ ಸಣ್ಣವು, ಆದ್ದರಿಂದ ಹೆಚ್ಚು ಪಿಕ್ಸೆಲ್ ಇರುವ ಚುಕ್ಕೆಯೂ ಕಸವೇ. ಡಿಪಿಐ ಎರಡು ಪಟ್ಟು ಹೇಳಿದರೆ ಅಳಿಸುವ ಚುಕ್ಕೆಯ ಗಾತ್ರ ನಾಲ್ಕು ಪಟ್ಟಿಗೂ ಮೇಲೆ ಹೋಗುತ್ತದೆ. ನಮ್ಮ ಥ ಒಳಗಿನ ಚುಕ್ಕೆ ನಾಲ್ಕು ಪಿಕ್ಸೆಲ್ ಅಗಲ ಇತ್ತು. 300 ಎಂದು ನಿಜ ಹೇಳಿದ್ದರೆ ಉಳಿಯುತ್ತಿತ್ತು. 600 ಎಂದದ್ದಕ್ಕೆ ಹೋಯಿತು. ಒಂದು ಅಂಕಿಗೆ ಪುಸ್ತಕದ ಪಾರ್ಥರೆಲ್ಲ ಪಾರ್ಧರಾದರು.

ಆಮೇಲೆ ಸರಿಯಾದ ಡಿಪಿಐ ಇಟ್ಟು ಲಾಸಿ ಅಂಕಿಯನ್ನು 200ರಿಂದ 100ಕ್ಕೆ ಇಳಿಸಿದೆ. ನಮಗೆ ಗೊತ್ತಿದ್ದ ಮೂರು ಕಡೆಯೂ ಧ ವಾಪಸ್ ಬಂತು. ಇಲ್ಲಿಗೆ ನಿಲ್ಲಿಸಬಹುದಿತ್ತು. ಮಾಸ್ತರು ಒಪ್ಪಲಿಲ್ಲ. "ಗೊತ್ತಿರುವ ಮೂರು ಸರಿಯಾಯ್ತು. ಗೊತ್ತಿಲ್ಲದ್ದು?" ಅಂದರು. ಅವರ ಮಾತು ಸರಿ. 100 ಎಂಬುದು ಒಳ್ಳೆಯ ಅಂಕಿ, ಹೆಚ್ಚಿನ ಕಡೆ ನಡೆಯುತ್ತದೆ. ಆದರೂ ಅದು ಕನ್ನಡದ ಸೀಳನ್ನು ಲೆಕ್ಕಕ್ಕಿಟ್ಟು ಆರಿಸಿದ್ದಲ್ಲ. ಲಾಸ್‌ಲೆಸ್ ಇಟ್ಟರೆ ಕಣ್ಣಿನ ಬದಲು ಯಂತ್ರವೇ ಪರೀಕ್ಷೆ ಮಾಡಬಹುದು. ಫೈಲನ್ನು ಡಿಡಿಜೆವಿಯು ಎಂಬ ಸಾಧನದಿಂದ ಮತ್ತೆ ಬಿಚ್ಚಿ, ಮೊದಲಿನ ಚಿತ್ರದಿಂದ ಕಳೆದರೆ ಪುಟ ಪೂರ್ತಿ ಖಾಲಿ ಬರಬೇಕು. ಒಂದು ಚುಕ್ಕೆ ಉಳಿದರೂ ತಪ್ಪು. ಲಾಸಿಯಲ್ಲಿ ಹೀಗೆ ಕಳೆದರೆ ಪುಟದ ತುಂಬ ಚುಕ್ಕೆ ಬರುತ್ತದೆ. ಅದರಲ್ಲಿ ಯಾವುದು ಅರ್ಥ ಕೆಡಿಸುವ ಚುಕ್ಕೆ ಎಂದು ಹುಡುಕುವುದಕ್ಕಿಂತ 184 ಪುಟ ಓದುವುದೇ ಸುಲಭ.

ಲಾಸ್‌ಲೆಸ್ ಇಟ್ಟ ಮೇಲೂ ಮುಗಿಯಲಿಲ್ಲ. 47ನೇ ಪುಟದಲ್ಲಿ ಭಾರ ಎಂಬುದು ಬಾರ ಎಂದೇ ಉಳಿದಿತ್ತು. ಕಳೆದು ನೋಡಿದರೆ ಪುಟ ಖಾಲಿ, ಅಂದರೆ ಸಿಜೆಬಿ2 ಏನೂ ತಪ್ಪು ಮಾಡಿಲ್ಲ. ಬಣ್ಣದ ಸ್ಕ್ಯಾನನ್ನು ದೊಡ್ಡದು ಮಾಡಿ ನೋಡಿದಾಗ ಸೀಳು ಇತ್ತು, ತೆಳ್ಳಗೆ, ಕಂದು ಕಾಗದದ ಬಣ್ಣಕ್ಕೆ ಬಹಳ ಹತ್ತಿರ. ಬಣ್ಣದ ಪುಟವನ್ನು ಕಪ್ಪು ಬಿಳುಪು ಮಾಡುವಾಗ, ಅಂದರೆ ಫೈಲು ಚಿಕ್ಕದು ಮಾಡುವ ಕಂಪ್ರೆಶನ್‌ಗೂ ಮೊದಲೇ, ಅದು ಹೋಗಿತ್ತು. ನಾನು ಇಡೀ ಪುಟಕ್ಕೆ ಒಂದೇ ಗೆರೆ ಹಾಕಿದ್ದೆ. ಇದಕ್ಕಿಂತ ಕಪ್ಪಗಿದ್ದರೆ ಅಕ್ಷರ, ತೆಳ್ಳಗಿದ್ದರೆ ಕಾಗದ. ಹೊಗೆ ಕುಡಿದ ಪುಟಕ್ಕೆ ಇದು ಆಗುವುದಿಲ್ಲ. ಒಂದು ಮೂಲೆಯ ಕಾಗದ ಇನ್ನೊಂದು ಮೂಲೆಯ ಅಕ್ಷರದಷ್ಟೇ ಕಪ್ಪು. ಇಂಥ ಕಡೆ ಸುತ್ತಲಿನ ಜಾಗ ನೋಡಿಕೊಂಡು ಪ್ರತಿ ಜಾಗಕ್ಕೂ ಬೇರೆ ಗೆರೆ ಹಾಕುವ ಸೌವೋಲಾ ವಿಧಾನ ಬೇಕು. ಅದನ್ನು ಹಾಕಿದಾಗ ಸೀಳು ಬಂತು, ಜೊತೆಗೆ ಕಸವೂ ಬಂತು. ಕಸ ಇರಲಿ ಎಂದು ಬಿಟ್ಟೆವು.

ಮತ್ತೆ ಮಾಡಿದ್ದು

ಮಳೆ ನಿಲ್ಲುವವರೆಗೆ ಕಾದೆವು. ಒದ್ದೆ ಹಿಡಿದ ಪುಟ ಬಗ್ಗುತ್ತದೆ, ಬಗ್ಗಿದ ಪುಟದಲ್ಲಿ ಅಕ್ಷರ ಓರೆಯಾಗುತ್ತದೆ. ಬಿಸಿಲಿಗೆ ಇಡಲಿಲ್ಲ, ಫ್ಯಾನಿನ ಗಾಳಿ ಅಷ್ಟೆ. ನವರಾತ್ರಿ ಕಳೆದ ಮೇಲೆ ಇಡೀ ಪುಸ್ತಕ 600 ಡಿಪಿಐ ಬಣ್ಣದಲ್ಲಿ ಮತ್ತೆ ಸ್ಕ್ಯಾನ್ ಮಾಡಿದೆ. ಪುಟ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ. 600ರಲ್ಲಿ ಅದು 3300 ಪಿಕ್ಸೆಲ್ ಅಗಲ, 5100 ಪಿಕ್ಸೆಲ್ ಉದ್ದ. ಕಂಪ್ರೆಶನ್ ಇಲ್ಲದೆ ಒಂದು ಪುಟಕ್ಕೆ 50 ಎಂಬಿ, ಪುಸ್ತಕಕ್ಕೆ 9 ಜಿಬಿ ದಾಟುತ್ತದೆ. ಇವು ಟಿಫ್ ಫೈಲಾಗಿ, ನಷ್ಟವಿಲ್ಲದ ಎಲ್‌ಜೆಡ್‌ಡಬ್ಲ್ಯೂ ಕಂಪ್ರೆಶನ್‌ನಲ್ಲಿ, ಎರಡು ಹಾರ್ಡ್ ಡಿಸ್ಕಿನಲ್ಲಿ ಇವೆ. ಒಂದು ನನ್ನಲ್ಲಿ, ಒಂದು ಅವರ ಮನೆಯಲ್ಲಿ. ಮೂಲ ಇದು. ದೇಜಾವೂ ಓದುವುದಕ್ಕೆ.

ಬರೀ ಅಚ್ಚು ಇರುವ 153 ಪುಟಗಳಿಗೆ ಕಪ್ಪು ಬಿಳುಪು, ಲಾಸ್‌ಲೆಸ್, ಡಿಪಿಐ 600 ಎಂದು ನಿಜ ಹೇಳಿದ್ದು. ಕೆಂಪು ಟಿಪ್ಪಣಿಯ 31 ಪುಟಗಳಿಗೆ ಮೂರೂ ಪದರ. ಇಲ್ಲಿ ಸ್ವಲ್ಪ ಯೋಚನೆ ಬೇಕಾಯಿತು. ಕೆಂಪು ಬರಹವನ್ನು ಕಾಗದದ ಪದರಕ್ಕೆ ಬಿಟ್ಟರೆ ಅದು ಕಡಿಮೆ ಸೂಕ್ಷ್ಮತೆಯಲ್ಲಿ ಮಸುಕಾಗುತ್ತದೆ. ಅಕ್ಷರದ ಪದರಕ್ಕೆ ಹಾಕಿದರೆ ಆಕಾರ ಉಳಿಯುತ್ತದೆ, ಆದರೆ ಕಪ್ಪಾಗುತ್ತದೆ. ಅಜ್ಜ ಬರೆದದ್ದು ಯಾವುದು, ಅಚ್ಚಾದದ್ದು ಯಾವುದು ಗೊತ್ತಾಗುವುದಿಲ್ಲ. ದೇಜಾವೂದಲ್ಲಿ ಇದಕ್ಕೊಂದು ದಾರಿ ಇದೆ. ಅಕ್ಷರದ ಪದರದಲ್ಲಿ ಇಂಥ ಚೌಕದೊಳಗಿನ ಆಕಾರಗಳಿಗೆ ಇಂಥ ಬಣ್ಣ ಎಂದು ಹೇಳಬಹುದು. ಟಿಪ್ಪಣಿ ಹೆಚ್ಚಾಗಿ ಅಂಚಿನಲ್ಲೇ ಇದ್ದದ್ದರಿಂದ ಅಂಚಿನ ಚೌಕಕ್ಕೆ ಕೆಂಪು ಕೊಟ್ಟೆ. ಸಾಲಿನ ನಡುವೆ ಹಾಕಿದ ಗುರುತುಗಳಿಗೆ ಒಂದೊಂದಾಗಿ ಸಣ್ಣ ಚೌಕ ಅಳೆದು ಕೊಡಬೇಕಾಯಿತು. ಎರಡು ಸಂಜೆ ಅದಕ್ಕೇ ಹೋಯಿತು. ಕಾಗದದ ಪದರವನ್ನು 100 ಡಿಪಿಐಗೆ ಇಳಿಸಿ, ಹಂತಗಳನ್ನೂ ಕಡಿಮೆ ಮಾಡಿದೆ. ನಷ್ಟ ಮಾಡುವುದಿದ್ದರೆ ಅಲ್ಲಿ ಮಾಡಬೇಕು. ಹೊಗೆಯ ಕಲೆ ಸ್ವಲ್ಪ ಮಸುಕಾದರೆ ಪದ್ಯಕ್ಕೆ ಏನೂ ಆಗುವುದಿಲ್ಲ.

ಪದ್ಯ ಹುಡುಕುವುದಕ್ಕೆ ಪ್ರತಿ ಪದ್ಯದ ಮೊದಲ ಸಾಲನ್ನು ಕನ್ನಡದಲ್ಲೇ ಬರೆದು ಫೈಲಿನೊಳಗೆ ಪಟ್ಟಿ ಸೇರಿಸಿದೆವು. ಸಾಲು ಮುಟ್ಟಿದರೆ ಪುಟ ತೆರೆಯುತ್ತದೆ. ಮಾಸ್ತರು ಹೇಳಿದರು, ಅವರ ಮೊಮ್ಮಗಳು ಟೈಪ್ ಮಾಡಿದಳು.

ಒಟ್ಟು ಫೈಲು ಸುಮಾರು 9 ಎಂಬಿ. ಮೊದಲ ತಪ್ಪು ಫೈಲಿಗೂ ಇದಕ್ಕೂ ವ್ಯತ್ಯಾಸ ಆರು ಎಂಬಿ. ಮೊಬೈಲಿನ ಒಂದೆರಡು ಫೋಟೋದಷ್ಟು. ಅವರ ಮೆಮರಿ ಕಾರ್ಡು 32 ಜಿಬಿಯದು. ಇಷ್ಟು ಜಾಗ ಉಳಿಸಲು ನಾನು ಪುಸ್ತಕದ ಥಕಾರಗಳನ್ನೆಲ್ಲ ಕಳೆದಿದ್ದೆ ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

ದೇಜಾವೂ ಇಂದು ಜನ ಬಳಸುವ ಫೈಲಲ್ಲ ಎಂದು ಭಾಗವತರಿಗೆ ಮೊದಲೇ ಹೇಳಿದ್ದೆ. ಬ್ರೌಸರುಗಳು ಇದನ್ನು ತಾವಾಗಿ ತೆರೆಯುವುದಿಲ್ಲ. ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಡುವ ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣ 2016ರಲ್ಲಿ ಹೊಸ ಪುಸ್ತಕಗಳಿಗೆ ದೇಜಾವೂ ಮಾಡುವುದನ್ನು ಬಿಟ್ಟಿತು. ವಿಕಿಪೀಡಿಯದ ಬಳಗದ ಪುಸ್ತಕ ಭಂಡಾರ ವಿಕಿಸೋರ್ಸ್‌ನಲ್ಲಿ ಇನ್ನೂ ಬಳಕೆಯಿದೆ. ಆಕ್ಯುಲರ್, ಸುಮಾತ್ರಾ ಮುಂತಾದ ತಂತ್ರಾಂಶ ಇದನ್ನು ಓದುತ್ತವೆ. ಇವರ ಹಳೆಯ ಟ್ಯಾಬಿನಲ್ಲಿ ನಾವು ಮಾಡಿ ನೋಡಿದ್ದರಲ್ಲಿ ಬೇಗ ಪುಟ ತಿರುಗಿದ್ದು ಇದೇ. ಆದರೂ ಅದೇ ಕಪ್ಪು ಬಿಳುಪು ಚಿತ್ರಗಳಿಂದ, ನಷ್ಟವಿಲ್ಲದ ಗ್ರೂಪ್ 4 ಕಂಪ್ರೆಶನ್ ಹಾಕಿ, ಒಂದು ಪಿಡಿಎಫ್ ಕೂಡ ಮಾಡಿಕೊಟ್ಟಿದ್ದೇನೆ. ಗಾತ್ರದಲ್ಲಿ ಅದು ದೊಡ್ಡದು, ಆದರೆ ಯಾರ ಮೊಬೈಲಿನಲ್ಲೂ ತೆರೆಯುತ್ತದೆ.

ಕೊನೆಗೆ ಇನ್ನೊಮ್ಮೆ ಇಡೀ ಪುಸ್ತಕ ಓದಿದೆವು. ಮಾಸ್ತರು ಮೂಲದಿಂದ, ಹುಡುಗ ಭಾಗವತ ಟ್ಯಾಬಿನಿಂದ. ದೀಪಾವಳಿಗೆ ನಾಲ್ಕು ದಿನ ಇತ್ತು. ಹನ್ನೊಂದು ಕಡೆ ಮೂಲದಲ್ಲೇ ಅಚ್ಚು ಸವೆದು, ಸೀಳು ಇದೆಯೋ ಇಲ್ಲವೋ ಹೇಳಲಾಗದ ಅಕ್ಷರ ಸಿಕ್ಕಿತು. ಎಂಟಕ್ಕೆ ಹಿರಿಯ ಭಾಗವತರು ಅರ್ಥ ನೋಡಿ ಪಾಠ ಹೇಳಿದರು. ಮೂರು ಉಳಿದಿವೆ. ಆ ಪುಟಗಳಿಗೆ ಫೈಲಿನಲ್ಲಿ ಬೇರೆ ಗುರುತು ಹಾಕಿದ್ದೇವೆ. ಕುಮಟಾ ಕಡೆಯ ಒಂದು ಮನೆಯಲ್ಲಿ ಇದೇ ಮುದ್ರಣದ ಇನ್ನೊಂದು ಪ್ರತಿ ಇದೆಯಂತೆ. ಮೇಳ ಆ ಕಡೆ ಹೋದಾಗ ನೋಡಿ ಬರುವುದಾಗಿ ಹುಡುಗ ಹೇಳಿದ್ದಾನೆ.